ಗೂಡಿನೊಳಗಿನ ಗುಡುಗು

ಜನವರಿ ೮

ಪ್ರೀತಿಯ ಜೀರುಂಡೆಗೆ,

ಅಪ್ಪನ ಆಶೀರ್ವಾದ. ನಾನು ಕ್ಷೇಮ, ನಿನ್ನ ಅತ್ತೆ ಕ್ಷೇಮ, ನನ್ನ ಹೊಟ್ಟೆಯೊಂದು ಮಾತ್ರ ಕ್ಷೇಮವಿಲ್ಲ. ಅದನ್ನೇ ಹೇಳೋಣವೆಂದು ಮೊನ್ನೆ ಫೋನ್ ಮಾಡಿದರೆ, "ಅಪ್ಪಾ, ಏನೂ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳು" ಎಂದು ಕಿರುಚಿ ನೀನು ಫೋನ್ ಇಟ್ಟುಬಿಟ್ಟೆ. ಜೋರಾಗಿ ಮಾತಾಡುವುದು ನನಗೆಲ್ಲಿಂದ ಬರಬೇಕು? ನಾಟಕ ಕಂಪನಿಯಲ್ಲಿ ವೇದಿಕೆಯ ಮುಂಭಾಗದ ಪುಟ್ಟ ಗೂಡಿನಲ್ಲಿ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಒದಗಿಸುತ್ತ ಅರ್ಧ ಆಯುಷ್ಯ ಕಳೆದವನು ನಾನು. ನಟನಿಗೆ ಕೇಳಬೇಕು, ಮೊದಲ ಸಾಲಿನವರಿಗೆ ಕೇಳಬಾರದು. ನನಗೆ ಬರುವುದು ಅದೊಂದೇ ವಿದ್ಯೆ. ಆದ್ದರಿಂದ ಕಾಗದವೇ ವಾಸಿ.

ಈಗ ಆ ವಿದ್ಯೆಗೂ ಕುತ್ತು ಬಂದಿದೆ. ಕಳೆದ ವಾರ ರಾಣಿ ಸಾಯುವ ದೃಶ್ಯ ನಡೆಯುತ್ತಿತ್ತು. ನಮ್ಮ ರಾಜಾಪಾರ್ಟಿನವರು ಅವಳ ಕೈ ಹಿಡಿದು ಸುಮ್ಮನೆ ಕೂತಿದ್ದರು. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆಗ ನನ್ನ ಹೊಟ್ಟೆ "ಗುರ್‌ರ್‌ರ್" ಎಂದಿತು. ವೇದಿಕೆಯ ಅಂಚಿನ ಮೈಕು ನನ್ನ ಗೂಡಿಗೆ ಅಂಟಿಕೊಂಡೇ ಇದೆಯಲ್ಲ, ಅದು ಆ ಸದ್ದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಹಿಂದಿನಿಂದ ಯಾರೋ "ರಾಣಿ ಇನ್ನೂ ಬದುಕಿದಾಳೆ ಕಣ್ರೋ!" ಎಂದು ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ನಾಟಕ ಮುಗಿದ ಮೇಲೆ ಮಾಲೀಕರು ಗೂಡಿನೊಳಗೆ ಬಗ್ಗಿ ನೋಡಿ, "ನಿಮ್ಮ ಹೊಟ್ಟೆಗೂ ಒಂದು ಪಾರ್ಟು ಕೊಡ್ಬೇಕೇನ್ರಿ?" ಎಂದರು. ನಾನು ಏನು ಹೇಳಿದೆನೋ ಅವರಿಗೆ ಕೇಳಿಸಲಿಲ್ಲ.

ನಾನೇನು ಹೊಟ್ಟೆಬಾಕನಲ್ಲ. ಬಿಳಿ ಬ್ರೆಡ್ಡು, ರಸ್ಕು, ಚಹಾ, ಇಷ್ಟರಲ್ಲೇ ಕಾಲ ತಳ್ಳುತ್ತೇನೆ. ಕಾಳು, ಸೊಪ್ಪು, ಸಿಪ್ಪೆ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತೇನೆ. ನಾಟಕವಿರುವ ದಿನ ಮಧ್ಯಾಹ್ನದಿಂದ ಉಪವಾಸ. ಹೊಟ್ಟೆ ಖಾಲಿ ಇದ್ದರೆ ತೆಪ್ಪಗಿರುತ್ತದೆ ಎಂಬುದು ನನ್ನ ಲೆಕ್ಕ. ಡಾಕ್ಟರು ಬೇರೆ, "ಇದೇ ಊಟ ಮುಂದುವರಿಸಿದ್ರೆ ನಿಮ್ಮ ಕರುಳು ಮುಷ್ಕರ ಹೂಡತ್ತೆ" ಎಂದು ಹೆದರಿಸಿದ್ದಾರೆ. ಬೆಳಗಿನ ಹೊತ್ತಿನ ಕಷ್ಟವನ್ನು ಮಗಳಿಗೆ ಬರೆಯುವಷ್ಟು ಭಂಡನಲ್ಲ ನಾನು.

ನೀನು ಇಡೀ ದಿನ ಹೊಟ್ಟೆ, ಕರುಳು ಎಂದುಕೊಂಡೇ ಸಂಬಳ ತೆಗೆದುಕೊಳ್ಳುವವಳು. ಇದರ ಬಾಯಿ ಮುಚ್ಚಿಸುವ ಉಪಾಯವಿದ್ದರೆ ತಿಳಿಸು.

ನಿನ್ನ
ಅಪ್ಪ

ಜನವರಿ ೧೯

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲಿ ಓದಬಾರದಿತ್ತು. ಬದುಕಿದ ರಾಣಿಯ ಜಾಗಕ್ಕೆ ಬಂದಾಗ ಕೈಯಲ್ಲಿದ್ದ ಗಾಜಿನ ನಳಿಕೆ ಬಿದ್ದು ಪುಡಿಪುಡಿಯಾಯಿತು. ನಮ್ಮ ಮೇಡಂ ಕೆಂಗಣ್ಣು ಬಿಟ್ಟರು. ಅವರಿಗೂ ಓದಿ ಹೇಳಿದೆ. ಈಗ ಇಲ್ಲಿ ಎಲ್ಲರಿಗೂ ನಿನ್ನ ಹೊಟ್ಟೆಯ ಪರಿಚಯವಿದೆ.

ಮೊದಲು ನಿನ್ನ ಲೆಕ್ಕ ಸರಿಮಾಡುತ್ತೇನೆ. ಖಾಲಿ ಹೊಟ್ಟೆ ತೆಪ್ಪಗಿರುತ್ತದೆ ಎಂದು ನಿನಗೆ ಹೇಳಿದ ಮಹಾನುಭಾವರು ಯಾರು? ಊಟವಿಲ್ಲದ ಹೊತ್ತಿನಲ್ಲಿ ಹೊಟ್ಟೆಯೂ ಕರುಳೂ ತಮ್ಮನ್ನು ತಾವೇ ಗುಡಿಸಿಕೊಳ್ಳುತ್ತವೆ. ಒಳಗೆ ಬರೀ ಗಾಳಿ, ನೀರು. ಅದು ಖಾಲಿ ಬಿಂದಿಗೆ ಉರುಳಿಸಿದ ಹಾಗೆ. ನಿನ್ನ ಉಪವಾಸವೇ ಅರ್ಧ ಗುಡುಗಿಗೆ ಕಾರಣ.

ಇನ್ನು ನಾರಿನ ವಿಷಯ. ಸೊಪ್ಪು, ಕಾಳು, ಸಿಪ್ಪೆಯಲ್ಲಿರುವ ನಾರನ್ನು ಬಿಡಿಸಲು ನಮ್ಮ ದೇಹಕ್ಕೆ ಬರುವುದೇ ಇಲ್ಲ. ಅದು ಹಾಗೆಯೇ ಜಾರಿಕೊಂಡು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವಿದೆ. ಒಂದು ಜಾತಿಯವು ನಾರಿನ ಗಟ್ಟಿ ಎಳೆಯನ್ನು ಕತ್ತರಿಸುತ್ತವೆ. ಕತ್ತರಿಸಿದಾಗ ಉದುರುವ ಸಕ್ಕರೆಯ ಚೂರನ್ನು ಮತ್ತೊಂದು ಜಾತಿ ತಿನ್ನುತ್ತದೆ. ಅವು ಬಿಸಾಡಿದ್ದನ್ನು ಮೂರನೆಯವು ತಿನ್ನುತ್ತವೆ. ಕೊನೆಗೆ ಉಳಿಯುವುದು ಒಂದಿಷ್ಟು ಹುಳಿ ಪದಾರ್ಥ. ವಿನೆಗರಿನಲ್ಲಿರುವ ಹುಳಿಯೂ ಅದರಲ್ಲೊಂದು, ಹಳಸಿದ ಬೆಣ್ಣೆಯ ವಾಸನೆಯದು ಇನ್ನೊಂದು. ಮೂಗು ಮುಚ್ಚಿಕೊಳ್ಳಬೇಡ. ನಿನ್ನ ದೊಡ್ಡ ಕರುಳಿನ ಗೋಡೆ ಹೊಟ್ಟೆ ಹೊರೆಯುವುದು ಬಹುಪಾಲು ಆ ಹಳಸಿದ ಬೆಣ್ಣೆಯ ಹುಳಿಯಿಂದಲೇ. ಯಾರೂ ನಾರು ಕೊಡದಿದ್ದರೆ ಅದನ್ನು ತಿನ್ನುವವು ಸೊರಗುತ್ತವೆ, ಗೋಡೆಗೂ ಊಟವಿಲ್ಲ.

ನಾವಿಲ್ಲಿ ಗಾಜಿನ ಕರುಳು ಕಟ್ಟಿದ್ದೇವೆ. ಸಾಲಾಗಿ ಜಾಡಿಗಳು, ಅವುಗಳ ನಡುವೆ ಕೊಳವೆಗಳು. ಮೈಯಷ್ಟೇ ಬೆಚ್ಚಗಿಡಬೇಕು, ಹೊರಗಿನ ಗಾಳಿ ಸೋಕಬಾರದು, ಹೊತ್ತು ಹೊತ್ತಿಗೆ ಅರೆದ ಊಟ ಹಾಕಬೇಕು. ಇದನ್ನು ಬಿಟ್ಟು ಒಂದು ದಿನ ಆಚೀಚೆ ಹೋಗುವ ಹಾಗಿಲ್ಲ. ಅದಕ್ಕೇ ನಾನು ಊರಿಗೆ ಬಾರದೆ ಇಷ್ಟು ದಿನವಾಯಿತು, ನೀನು ಕೇಳಲಿಲ್ಲ, ಆದರೂ ಹೇಳಿದೆ.

ಇದರ ಜೊತೆ ಆರು ವಾರದ ಊಟದ ಕ್ರಮ ಬರೆದು ಇಟ್ಟಿದ್ದೇನೆ. ಮೊದಲ ವಾರ ಬೇಯಿಸಿದ ಗಜ್ಜರಿ ಒಂದು ತುಂಡು, ಓಟ್ಸ್ ಗಂಜಿ ಎರಡು ಚಮಚ, ಅಷ್ಟೇ. ಆರನೆಯ ವಾರಕ್ಕೆ ಹೋಗುವಷ್ಟರಲ್ಲಿ ಒಂದು ಬಟ್ಟಲು ಕಾಳು. ನಿಧಾನ, ಅಪ್ಪ. ನೀರು ಚೆನ್ನಾಗಿ ಕುಡಿ. ಉಪವಾಸ ಬಿಡು.

ನಿನ್ನ
ಜೀರುಂಡೆ

ಜನವರಿ ೩೦

ಪ್ರೀತಿಯ ಜೀರುಂಡೆಗೆ,

ನಿನ್ನ ಕಾಗದ ಓದಿ ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದೆ. ಪರಿಣಾಮವಾಗಿ ಕಂಪನಿಯಲ್ಲಿ ಈಗ ನನಗೆ "ಗುಡುಗಪ್ಪ" ಎಂಬ ಬಿರುದು ಸಿಕ್ಕಿದೆ.

ನಡೆದದ್ದು ಇಷ್ಟು. ನನ್ನ ಕಸುಬಿನಲ್ಲಿ ನಟನ ಬಾಯಲ್ಲಿರುವ ಸಾಲನ್ನು ನೋಡುತ್ತ ಕೂತವನು ಕೆಟ್ಟ. ಕಣ್ಣು ಯಾವಾಗಲೂ ಮುಂದಿನ ಸಾಲಿನ ಮೇಲಿರಬೇಕು. ನಿನ್ನ ಊಟದ ಕ್ರಮವನ್ನೂ ಹಾಗೆಯೇ ಓದಿದೆ. ಮೊದಲ ವಾರ ನೋಡಿದೆ, ಎರಡಕ್ಕೆ ಹೋದೆ, ಹಾಗೇ ಮುಂದೆ ಮುಂದೆ ಓಡಿದ ಕಣ್ಣು ಆರನೆಯ ವಾರದಲ್ಲಿ ಹೋಗಿ ನಿಂತಿತು. ಹೇಗೂ ಅಲ್ಲಿಗೇ ಹೋಗಬೇಕಲ್ಲ, ಮೊದಲೇ ಹೋಗಿ ಕಾದರೆ ತಪ್ಪೇನು ಅಂದುಕೊಂಡೆ. ನಿನ್ನ ಅತ್ತೆ, "ಅಣ್ಣ, ಅವಳು ನಿಧಾನ ಅಂತ ಎರಡು ಗೆರೆ ಎಳೆದಿದಾಳೆ" ಎಂದಳು. "ಅದು ನಟರಿಗೆ, ನನಗಲ್ಲ" ಎಂದೆ. ಒಂದು ಬಟ್ಟಲು ಕಾಳು ತಿಂದೆ. ರುಚಿಯಾಗಿತ್ತು, ಇನ್ನೊಂದು ಬಟ್ಟಲು ಹಾಕಿಸಿಕೊಂಡೆ.

ಆ ಸಂಜೆ ಏನಾಯಿತೆಂದು ಬರೆಯಲಾರೆ. ಗುಡುಗು ಒಂದೇ ಆಗಿದ್ದರೆ ಪರವಾಗಿರಲಿಲ್ಲ. ಗೂಡು ಬಹಳ ಚಿಕ್ಕದು, ಅದರ ಬಾಯಿ ವೇದಿಕೆಯ ಕಡೆಗಿದೆ. ರಾಜಾಪಾರ್ಟಿನವರು ತಮ್ಮ ಮಾತನ್ನು ಮೂಗಿಗೆ ಶಾಲು ಒತ್ತಿಕೊಂಡು ಆಡಿದರು. ಜನ ಅಭಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು.

ನಗಬೇಡ, ಮುಂದಿನದು ನಗುವ ಮಾತಲ್ಲ. ಮಾಲೀಕರು ಕರೆದು ಕೂರಿಸಿದರು. ಏಪ್ರಿಲ್‌ನಲ್ಲಿ ಹೊಸ ನಾಟಕ ಶುರು. ಅದರಲ್ಲಿ ರಾಜ ತಮ್ಮನ ಹೆಣದ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಲ್ಲುತ್ತಾನೆ, ಇಡೀ ನಾಟಕದ ಜೀವವೇ ಆ ಮೌನ. "ಮೊದಲ ದಿನ ಅಲ್ಲಿ ಒಂದು ಸಲ ಗುಡುಗಿದ್ರೂ ಗೂಡು ಮುಚ್ಚಿಸ್ತೀನಿ. ನಟರ ಕಿವಿಗೆ ಪುಟ್ಟ ಸ್ಪೀಕರ್ ಇಟ್ಟರಾಯ್ತು, ಮೈಕಿನ ಕೋಣೇಲಿ ಕೂತವನೇ ಓದಿ ಹೇಳ್ತಾನೆ" ಎಂದರು. ಮೈಕಿನ ಕೋಣೆಯಿಂದ ನಟನ ಗಂಟಲು ಕಾಣುತ್ತದೆಯೇ? ಮಾತು ಮರೆಯುವ ಮುಂಚೆ ಗಂಟಲ ಗಂಟು ಒಂದು ಸಲ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದನ್ನು ನೋಡಿ ನಾನು ಬಾಯಿ ತೆರೆಯುವುದು. ಇದನ್ನೆಲ್ಲ ಅವರಿಗೆ ಹೇಳಿದೆ. "ಏನಂದ್ರಿ?" ಎಂದರು.

ಆ ಗೂಡು ಹೋದರೆ ನಾನು ಏನು ಮಾಡಲಿ ಎಂದು ನನಗೆ ನಿಜವಾಗಿ ತಿಳಿಯುತ್ತಿಲ್ಲ ಮಗಳೇ.

ಅದಿರಲಿ. ನೀನು ಅಲ್ಲಿ ಏನು ತಿನ್ನುತ್ತೀ?

ನಿನ್ನ
ಅಪ್ಪ

ಫೆಬ್ರವರಿ ೯

ಪ್ರೀತಿಯ ಗುಡುಗಪ್ಪನಿಗೆ,

ನಕ್ಕೆ, ಕ್ಷಮಿಸು. ಆಮೇಲೆ ಕೊನೆಯ ಭಾಗ ಓದಿ ನಗು ನಿಂತಿತು. ಗೂಡು ಹೋಗಲು ನಾನು ಬಿಡುವುದಿಲ್ಲ.

ನೀನು ಮಾಡಿದ ಎಡವಟ್ಟು ಏನೆಂದು ಕೇಳು. ನಾರನ್ನು ಒಡೆಯುವಾಗ ಗಾಳಿ ಹುಟ್ಟುತ್ತದೆ, ಅದನ್ನು ತಪ್ಪಿಸಲಾಗದು. ರೂಢಿಯಿರುವ ಕರುಳಿನಲ್ಲಿ ಕೆಲಸ ಹಂಚಿಹೋಗಿರುತ್ತದೆ. ಹುಟ್ಟಿದ ಗಾಳಿಯಲ್ಲಿ ಒಂದು ಪಾಲನ್ನು ತಿಂದು ಮುಗಿಸುವ ಜೀವಿಗಳೂ ಅಲ್ಲಿರುತ್ತವೆ. ನಿನ್ನದು ವರ್ಷಗಟ್ಟಲೆ ರಸ್ಕು ಕಂಡ ಕರುಳು. ಅಲ್ಲಿ ಉಳಿದಿರುವವರು ಕೆಲವರು, ಅವರೂ ಅರೆಹೊಟ್ಟೆಯವರು. ಅವರ ಮುಂದೆ ಏಕಾಏಕಿ ಎರಡು ಬಟ್ಟಲು ಕಾಳು ಸುರಿದರೆ ಇನ್ನೇನಾಗುತ್ತದೆ? ಸಿಕ್ಕವರೆಲ್ಲ ಮುಗಿಬಿದ್ದು ತಿಂದರು, ಗಾಳಿ ಎಬ್ಬಿಸಿದರು, ಅದನ್ನು ವಿಲೇವಾರಿ ಮಾಡುವವರು ಇನ್ನೂ ತಯಾರಿರಲಿಲ್ಲ. ದಿನಾ ಸ್ವಲ್ಪ ಸ್ವಲ್ಪವೇ ಕೊಡುತ್ತ ಹೋದರೆ ಇರುವವರೇ ಬೆಳೆಯುತ್ತಾರೆ, ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಾರೆ.

ಆದ್ದರಿಂದ ಮೊದಲ ವಾರದಿಂದ ಶುರು ಮಾಡು. ಈ ಸಲ ಒಂದೊಂದು ವಾರವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಅತ್ತೆಯ ಹೆಸರಿಗೆ ಕಳಿಸುತ್ತಿದ್ದೇನೆ. ಅವರು ಒಡೆದು ಕೊಟ್ಟದ್ದನ್ನು ಮಾತ್ರ ನೀನು ಓದತಕ್ಕದ್ದು. ಮುಂದಿನ ಸಾಲು ನೋಡುವ ನಿನ್ನ ಬುದ್ಧಿ ನಾಟಕಕ್ಕಿರಲಿ.

ಇವತ್ತು ಗಾಜಿನ ಕರುಳಿಗೆ ಹೊಸ ಕೊಳವೆ ಜೋಡಿಸಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಜೀರುಂಡೆ

ಮಾರ್ಚ್ ೩

ಪ್ರೀತಿಯ ಜೀರುಂಡೆಗೆ,

ನಿನ್ನ ಅತ್ತೆಗೆ ಇಷ್ಟು ಅಧಿಕಾರ ಕೊಡಬಾರದಿತ್ತು. ನಿನ್ನ ಅಮ್ಮ ಹೋದ ಮೇಲೆ ಈ ಮನೆಗೆ ಬಂದವಳು ಇಷ್ಟು ದಿನ ನಾನು ಹೇಳಿದ್ದನ್ನು ಬೇಯಿಸುತ್ತಿದ್ದಳು. ಈಗ ಲಕೋಟೆಗಳನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಓಡಾಡುತ್ತಾಳೆ. ಜಪ್ಪಯ್ಯ ಅಂದರೂ ಮುಂದಿನ ವಾರದ್ದನ್ನು ತೋರಿಸುವುದಿಲ್ಲ. "ಅವಳು ನನ್ನನ್ನ ನಂಬಿ ಕಳಿಸಿದಾಳೆ, ನಿನ್ನನ್ನಲ್ಲ" ಎನ್ನುತ್ತಾಳೆ.

ಆದರೆ ಹೇಳಲೇಬೇಕು, ಹೊಟ್ಟೆ ದಾರಿಗೆ ಬಂದಿದೆ. ಎರಡನೆಯ ವಾರ ಸ್ವಲ್ಪ ಗೊಣಗಿತು. ಈಗ ಸಿಪ್ಪೆ ಸಮೇತ ಸೇಬು, ಬಟಾಣಿ, ಅರ್ಧ ಬಟ್ಟಲು ಕಾಳು ಹೋಗುತ್ತಿದೆ, ಒಳಗಿನವರು ಸದ್ದುಗದ್ದಲವಿಲ್ಲದೆ ಕೆಲಸ ಮಾಡುತ್ತಿದ್ದಾರೆ. ಬೆಳಗಿನ ವಿಷಯದಲ್ಲಿ ನಾನೀಗ ದೊರೆ. ಇಷ್ಟು ಮಾತ್ರ ಬರೆಯಬಲ್ಲೆ. ನನ್ನ ಮುಖ ತಿಳಿಯಾದದ್ದನ್ನು ನೋಡಿ ರಾಜಾಪಾರ್ಟಿನವರೂ ಬಣ್ಣದ ಕೋಣೆಯಲ್ಲಿ ಗಜ್ಜರಿ ಕಡಿಯಲು ಶುರು ಮಾಡಿದ್ದಾರೆ. ಕಿರೀಟ ಹಾಕಿಕೊಂಡು ಗಜ್ಜರಿ ತಿನ್ನುವ ರಾಜನನ್ನು ನೀನು ನೋಡಬೇಕು.

ತಾಲೀಮಿನಲ್ಲಿ ಆ ದೊಡ್ಡ ಮೌನದ ದೃಶ್ಯ ಬಂದಾಗಲೆಲ್ಲ ಮಾಲೀಕರು ಪಕ್ಕದ ಪರದೆಯ ಹಿಂದೆ ಬಂದು ನಿಲ್ಲುತ್ತಾರೆ. ನಟರನ್ನು ನೋಡುವುದಿಲ್ಲ, ಗೂಡಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಇಲ್ಲಿಯವರೆಗೆ ಏನೂ ಇಲ್ಲ. ಮೈಕಿನ ಕೋಣೆಯಲ್ಲಿ ಆಗಲೇ ಪುಟ್ಟ ಸ್ಪೀಕರ್‌ಗಳ ಪೆಟ್ಟಿಗೆ ಬಂದು ಕೂತಿದೆ, ಇನ್ನೂ ಒಡೆದಿಲ್ಲ.

ಇನ್ನೊಂದು ಮಾತು. ಅತ್ತೆಯ ಲಕೋಟೆಗಳು ಮುದುಡಿಹೋಗದಿರಲೆಂದು ನೀನು ಒಳಗೆ ಒಂದು ರಟ್ಟಿನ ತುಂಡು ಇಟ್ಟಿದ್ದೆ. ಅದರ ಮೇಲೆ "ಬಿಸಿನೀರು ಹಾಕಿದರೆ ಸಾಕು, ಊಟ ಸಿದ್ಧ" ಎಂದು ಅಚ್ಚಾಗಿತ್ತು. ಹೋದ ಸಲ ನಿನ್ನ ಊಟದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೆ, ನಿನಗೆ ಗಾಜಿನ ಕೊಳವೆ ಜೋಡಿಸುವ ಅವಸರವಿತ್ತು. ಮತ್ತೆ ಕೇಳುತ್ತಿದ್ದೇನೆ.

ನಿನ್ನ
ಅಪ್ಪ

ಮಾರ್ಚ್ ೧೫

ಪ್ರೀತಿಯ ಅಪ್ಪನಿಗೆ,

ಆ ರಟ್ಟು ಪಕ್ಕದ ಮೇಜಿನವರದು. ಇಲ್ಲಿ ಎಲ್ಲರ ಸಾಮಾನೂ ಕಲಸುಮೇಲೋಗರ.

ದೊರೆಯಾದದ್ದಕ್ಕೆ ಅಭಿನಂದನೆ. ಮೇಡಂ ಕೂಡ ಹೇಳಲು ತಿಳಿಸಿದ್ದಾರೆ.

ನಮ್ಮ ಪ್ರಯೋಗದಲ್ಲಿ ಒಂದು ಫಲಿತಾಂಶ ಬಂತು. ಎರಡು ಗಾಜಿನ ಕರುಳುಗಳಿಗೆ ಒಂದೇ ಕಡೆಯಿಂದ ತಂದ ಬ್ಯಾಕ್ಟೀರಿಯಾ ಹಾಕಿದ್ದೆವು. ಒಂದಕ್ಕೆ ನಾರಿರುವ ಊಟ, ಇನ್ನೊಂದಕ್ಕೆ ಬರೀ ಬಿಳಿ ಹಿಟ್ಟಿನ ಅಂಟು. ನಿಜವಾದ ಕರುಳಿನ ಗೋಡೆಗೆ ಲೋಳೆಯ ಒಂದು ಹೊದಿಕೆ ಇರುತ್ತದೆ, ಅದರಂತಹುದನ್ನು ಜಾಡಿಗಳಿಗೂ ಹಚ್ಚಿದ್ದೆವು. ನಾರು ಸಿಗದ ಜಾಡಿಯಲ್ಲಿ ಕೆಲವು ಜೀವಿಗಳು ಆ ಹೊದಿಕೆಯನ್ನೇ ಕೆರೆದು ತಿನ್ನಲು ಶುರು ಮಾಡಿವೆ. ಪಾಪ, ಅವಾದರೂ ಏನು ಮಾಡಿಯಾವು? ನಾನು ಸೂಕ್ಷ್ಮದರ್ಶಕದ ಮುಂದೆ ಬಹಳ ಹೊತ್ತು ಕೂತಿದ್ದೆ. ಅವತ್ತು ಬರುವಾಗ ದಾರಿಯಲ್ಲಿ ತರಕಾರಿ ಅಂಗಡಿಗೆ ಹೋದೆ. ಮುಚ್ಚಿತ್ತು.

ಒಳ್ಳೆಯ ಸುದ್ದಿ ಕೊನೆಗೆ ಇಟ್ಟುಕೊಂಡಿದ್ದೇನೆ. ಗಾಜಿನ ಕರುಳಿಗೆ ಒಂದು ದಿನದ ಊಟ ಹಾಕಲು ಮೇಡಂ ತಾವೇ ಒಪ್ಪಿದ್ದಾರೆ. ಹೊಸ ನಾಟಕದ ಮೊದಲ ದಿನ ನಾನು ಅಲ್ಲಿರುತ್ತೇನೆ. ಮೊದಲ ಸಾಲಿನಲ್ಲಿ ನಿನ್ನ ಗೂಡಿನ ಬೆನ್ನಿಗೇ ಒಂದು ಕುರ್ಚಿ ಹಿಡಿದಿಡು.

ನಿನ್ನ
ಜೀರುಂಡೆ

ಏಪ್ರಿಲ್ ೨

ಪ್ರೀತಿಯ ಜೀರುಂಡೆಗೆ,

ಕುರ್ಚಿ ಹಿಡಿದಿದ್ದೇನೆ. ಅತ್ತೆ ಈಗಲೇ ಕಾಳು ಆರಿಸಲು ಕೂತಿದ್ದಾಳೆ. ನನ್ನದು ಆರನೆಯ ವಾರ ಮುಗಿಯಿತು, ಲಕೋಟೆಗಳೂ ಮುಗಿದವು. ಹೊಟ್ಟೆ ನಿಶ್ಶಬ್ದ. ಎದೆಯೇ ಡವಗುಟ್ಟುತ್ತಿದೆ, ಅದು ಮೈಕಿಗೆ ಕೇಳದಿದ್ದರೆ ಸಾಕು.

ಬೇಗ ಬಾ. ನಿನ್ನನ್ನು ನೋಡಿ ಬಹಳ ದಿನವಾಯಿತು, ಈ ಮಾತನ್ನು ಮೊದಲೇ ಬರೆಯಬೇಕಿತ್ತು.

ನಿನ್ನ
ಅಪ್ಪ

ಏಪ್ರಿಲ್ ೧೫, ರೈಲಿನಲ್ಲಿ

ಅಪ್ಪ,

ಅಕ್ಷರ ಕುಣಿಯುತ್ತಿರುವುದು ರೈಲಿನಿಂದ, ನನ್ನ ಕೈಯಿಂದಲ್ಲ. ನಿನಗೆ ಮುಖ ತೋರಿಸದೆ ಓಡಿ ಬಂದೆ, ಮನೆಗೆ ಹೋಗಿ ಚೀಲ ಎತ್ತಿಕೊಂಡವಳೇ ರೈಲು ಹತ್ತಿದೆ. ಅತ್ತೆ ಪೊಟ್ಟಣದಲ್ಲಿ ಮತ್ತೆ ಕಾಳು ಕಟ್ಟಿಕೊಟ್ಟರು. ಅದನ್ನು ನೋಡಿದರೇ ಭಯವಾಗುತ್ತಿದೆ.

ನನ್ನಂಥ ಬೆಪ್ಪುತಕ್ಕಡಿ ಇನ್ನೊಬ್ಬಳಿಲ್ಲ. ಮಧ್ಯಾಹ್ನ ಅತ್ತೆ ಒಂದೇ ಪಾತ್ರೆಯಿಂದ ನಿನಗೂ ನನಗೂ ಬಡಿಸಿದರು. ಎಷ್ಟು ದಿನದ ಮೇಲೆ ಮನೆಯ ಊಟ! ನೀನು ಒಂದು ಬಟ್ಟಲಿಗೆ ಎದ್ದೆ, ನಾನು ಮೂರು ತಿಂದೆ. ನಿನ್ನೊಳಗಿನವರು ಆರು ವಾರ ತಾಲೀಮು ಮಾಡಿದವರು. ನನ್ನವರಿಗೆ ಇವತ್ತೇ ಮೊದಲ ಪಾರ್ಟು. ಅದು ಊಟ ಬಡಿಸುವಾಗ ನನಗೆ ಹೊಳೆಯಬೇಕಿತ್ತು, ಅದೇ ನನ್ನ ಕೆಲಸ. ಹೊಳೆದದ್ದು ರಾಜ ಹೆಣದ ಮುಂದೆ ನಿಂತು ಇಡೀ ಸಭಾಂಗಣ ಮೌನವಾದಾಗ. ನನ್ನ ಹೊಟ್ಟೆ ಮೊದಲ ಸಲ ಗುಡುಗಿದಾಗ ಕುರ್ಚಿಯಲ್ಲೇ ಮುದುಡಿ ಕೂತೆ. ಎಲ್ಲರೂ ಗೂಡಿನ ಕಡೆ ನೋಡಿದರು. ಎರಡನೆಯದು ಇನ್ನೂ ಜೋರಾಗಿ ಬಂತು. ನಿಮ್ಮ ಮಾಲೀಕರು ಪರದೆಯ ಹಿಂದಿನಿಂದ ಗೂಡಿನತ್ತ ಬೆರಳು ತೋರಿಸುತ್ತಿದ್ದುದು ನನಗೆ ಕಂಡಿತು. ಆಮೇಲೆ ಏನು ಮಾಡಿದೆನೋ ನಿನಗೆ ಗೊತ್ತೇ ಇದೆ. ನಾಟಕ ಕೆಡಿಸಿದೆ.

ಆ ರಟ್ಟು ನನ್ನದೇ ಅಪ್ಪ. ದಿನಾ ಅದೇ ನನ್ನ ಊಟ.

ಗೂಡು ಉಳಿಯಿತೇ? ಬೇಗ ಬರೆ.

ಜೀರುಂಡೆ

ಏಪ್ರಿಲ್ ೨೨

ಪ್ರೀತಿಯ ಜೀರುಂಡೆಗೆ,

ರಟ್ಟು ಯಾರದೆಂದು ನನಗೆ ಮಾರ್ಚ್‌ನಿಂದಲೇ ಗೊತ್ತು. ಅತ್ತೆ ನಿನ್ನ ಹೆಸರಿಗೆ ಹೊಸ ಲಕೋಟೆಗಳನ್ನು ಅಂಟಿಸಿದ್ದಾಳೆ, ಬೇರೆಯಾಗಿ ಕಳಿಸುತ್ತಾಳೆ. ಒಂದೊಂದಾಗಿ ಒಡೆಯಬೇಕಂತೆ. ಒಪ್ಪಿಕೋ, ಬೇರೆ ದಾರಿಯಿಲ್ಲ.

ಈಗ ಕೇಳು. ಗೂಡಿನಲ್ಲಿ ಕೂತವನಿಗೆ ವೇದಿಕೆ ಮಾತ್ರ ಕಾಣುತ್ತದೆ, ಬೆನ್ನ ಹಿಂದಿನ ಜನ ಕಾಣುವುದಿಲ್ಲ. ಗುಡುಗು ಕೇಳಿದ ಕೂಡಲೇ ನನ್ನ ಕೈ ಹೊಟ್ಟೆಗೆ ಹೋಯಿತು. ಒಳಗೆ ಏನೂ ಇಲ್ಲ. ನಾನಲ್ಲ! ಅಷ್ಟರಲ್ಲಿ ಮಾಲೀಕರು ನನ್ನತ್ತ ಬೆರಳು ತೋರಿಸಿ, ಅದೇ ಬೆರಳನ್ನು ಬಾಗಿಲ ಕಡೆ ತಿರುಗಿಸಿದರು. ನಾನಲ್ಲ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಆ ಗೂಡಿನಿಂದ ನನ್ನ ಸ್ವಂತದ ಒಂದು ಮಾತನ್ನೂ ನಾನು ಯಾವತ್ತೂ ಆಡಿದವನಲ್ಲ, ಪುಸ್ತಕದಲ್ಲಿದ್ದದ್ದನ್ನೇ ಆಡಿದ್ದೇನೆ. ಪುಸ್ತಕ ನೋಡಿದೆ. ಅಲ್ಲಿ "ದೀರ್ಘ ಮೌನ" ಎಂದಷ್ಟೇ ಇತ್ತು.

ಎರಡನೆಯ ಗುಡುಗಿಗೆ ಅದು ಯಾರದೆಂದು ತಿಳಿಯಿತು. ಮೂರು ಬಟ್ಟಲು ತಿಂದವರು ಯಾರೆಂದು ನನಗೆ ಗೊತ್ತಿಲ್ಲವೇ! ಹೋಗಲಿ, ನನ್ನದೇ ಅಂದುಕೊಳ್ಳಲಿ ಬಿಡು ಎಂದು ತಲೆ ತಗ್ಗಿಸಿದೆ. ಮಗಳು ನಾಲ್ಕು ಜನರ ಮುಂದೆ ನಗೆಪಾಟಲಾಗುವುದಕ್ಕಿಂತ ಗೂಡು ಹೋಗುವುದೇ ವಾಸಿ ಅನ್ನಿಸಿತು. ಆಗಲೇ ಬೆನ್ನ ಹಿಂದಿನಿಂದ ನಿನ್ನ ದನಿ ಬಂತು. "ಅದು ನನ್ನ ಹೊಟ್ಟೆ! ಗೂಡಿನೊಳಗೆ ಇರೋರದ್ದಲ್ಲ! ಅವರನ್ನ ಯಾಕ್ರಿ ಹೆದರಿಸ್ತೀರಿ?" ಮೈಕು ಅದನ್ನೂ ಕೊನೆಯ ಸಾಲಿಗೆ ಮುಟ್ಟಿಸಿತು.

ನೀನು ಓಡಿಹೋದ ಮೇಲಿನದು ನಿನಗೆ ಗೊತ್ತಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಣವೂ ನಕ್ಕಿತು, ಅದರ ಮೇಲಿನ ಹೊದಿಕೆ ಕುಣಿಯುತ್ತಿತ್ತು. ರಾಜಾಪಾರ್ಟಿನವರು ಮಾತ್ರ ಕಲ್ಲಿನಂತೆ ನಿಂತರು. ಆದರೆ ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ಅವರಿಗೆ ಮುಂದಿನ ಮಾತು ಹಾರಿಹೋಗಿತ್ತು. ನಾನು ಕೊಟ್ಟೆ. ನಗುವಿನ ಗಲಾಟೆಯಲ್ಲಿ ಕೇಳಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕೊಟ್ಟೆ. ಕೇಳಿತು. ಅವರು ಆ ಮಾತು ಶುರು ಮಾಡಿದ್ದೇ ತಡ, ನಗುತ್ತಿದ್ದ ಜನ ಸದ್ದಡಗಿ ಕೂತರು. ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ಏನನ್ನೂ ಕೆಡಿಸಿಲ್ಲ.

ಆಮೇಲೆ ಮಾಲೀಕರು ಗೂಡಿನ ಬಳಿ ಬಂದು ಬಗ್ಗಿದರು.

"ಅವಳು ನಿಮ್ಮ ಮಗಳೇನ್ರಿ?"

"ಹೌದು."

"ಏನಂದ್ರಿ?"

"ಹೌದು, ನನ್ನ ಮಗಳು!" ಎಂದೆ. ಬಣ್ಣದ ಕೋಣೆಯವರೆಗೂ ಕೇಳಿಸಿತಂತೆ.

"ಇಷ್ಟು ಜೋರು ದನಿ ನಿಮ್ಮ ಮನೇಲಿ ಯಾರಿಂದ ಬಂತು?"

"ಅವಳ ಅಮ್ಮನಿಂದ."

ಅವರು "ನಾಳೆ ಎಂದಿನ ಹೊತ್ತಿಗೆ ಬನ್ನಿ. ಇನ್ಮೇಲೆ ಮೊದಲ ಸಾಲಿನೋರಿಗೆ ಊಟ ಏನಾಯ್ತು ಅಂತ ಕೇಳಿ ಟಿಕೆಟ್ ಕೊಡ್ಬೇಕು" ಎಂದು ಹೋದರು. ಸ್ಪೀಕರ್ ಪೆಟ್ಟಿಗೆ ಒಡೆಯದೆಯೇ ವಾಪಸು ಹೋಯಿತು.

ಜೀರುಂಡೆ, ಮಾತು ಮರೆತು ನಿಂತ ಎಷ್ಟೋ ಜನರಿಗೆ ನಾನು ಮಾತು ಒದಗಿಸಿದ್ದೇನೆ. ಅದು ಕಿವಿಗೆ ಬಿದ್ದ ಗಳಿಗೆಯಲ್ಲಿ ಅವರಿಗೆ ಹೇಗನಿಸುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅವತ್ತು ನಿನ್ನ ದನಿ ಕೇಳಿ ಗೊತ್ತಾಯಿತು. ಎಲ್ಲರೂ ಹೋದ ಮೇಲೆ ಗೂಡಿನಲ್ಲೇ ಕೂತು ಸಂತೋಷಕ್ಕೆ ಅತ್ತುಬಿಟ್ಟೆ ಕಣೇ. ಜೋರಾಗಿಯೇ ಅತ್ತೆ.

ನಿನ್ನ
ಅಪ್ಪ